ಖಮೀಸಿನ ಹೆಂಗಸರ ಕೂಟ ಮತ್ತು ನಾನು ಬರೆದ ಪತ್ರ

ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ನೆರವು ನೀಡುವ ಸಂಸ್ಥೆಯೊಂದಕ್ಕೆ ಹೊಸದಾಗಿ ಸೇರಿದ ಮೂವರು ಹುಡುಗಿಯರು ಹೋದ ತಿಂಗಳು ಮಂಗಳೂರಿನ ನನ್ನ ಮನೆಗೆ ಬಂದಿದ್ದರು. ಸೌದಿ ಅರೇಬಿಯಾದಲ್ಲಿದ್ದಾಗ ನಾನು ಅಂಥದ್ದೇ ಒಂದು ಕೂಟವನ್ನು ನಡೆಸಿದ್ದೆ ಎಂದು ಯಾರೋ ಅವರಿಗೆ ಹೇಳಿದ್ದರಂತೆ. "ಆಂಟಿ, ನಿಮ್ಮ ಯಶಸ್ಸಿನ ಬಗ್ಗೆ ಸ್ವಲ್ಪ ಬರೆದುಕೊಡಿ, ನಮಗೆ ಸ್ಫೂರ್ತಿ ಸಿಗ್ತದೆ" ಎಂದರು. ಚಹಾ ಕೊಟ್ಟು ಕಳಿಸಿದೆ. ಸ್ಫೂರ್ತಿ ಕೊಡುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ಆದರೆ ಅವರು ಹೋದ ಮೇಲೆ ಮನಸ್ಸು ಸುಮ್ಮನಿರಲಿಲ್ಲ. ಈ ಕೆಲಸಕ್ಕೆ ಇಳಿಯುವವರಿಗೆ ಭಾಷಣ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ, ಕೆಡಿಸಿದ್ದನ್ನು ಹೇಳುವವರು ಕಡಿಮೆ. ಅದಕ್ಕೆ ಬರೆಯಲು ಕುಳಿತಿದ್ದೇನೆ. ಇದರಲ್ಲಿ ನನ್ನ ಬಡ್ತಿಯ ಕಥೆಯಾಗಲಿ ಸನ್ಮಾನದ ಕಥೆಯಾಗಲಿ ಇಲ್ಲ.

ಎಂಬತ್ತರ ದಶಕದಲ್ಲಿ ನಾನು ಖಮೀಸ್ ಮುಶೈತಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಸೌದಿ ಎಂದರೆ ನಮ್ಮವರ ಕಣ್ಣಿಗೆ ಬರುವುದು ಮರಳು ಮತ್ತು ಸೆಕೆ. ಖಮೀಸ್ ಇರುವುದು ದಕ್ಷಿಣದ ಎತ್ತರದ ಗುಡ್ಡಗಳ ನಡುವೆ. ಅಲ್ಲಿ ವರ್ಷದಲ್ಲಿ ಎಷ್ಟೋ ತಿಂಗಳು ನಾನು ಸ್ವೆಟರ್ ಬಿಚ್ಚುತ್ತಿರಲಿಲ್ಲ. ನರ್ಸ್‌ಗಳ ಹಾಸ್ಟೆಲಿನಿಂದ ಹೊರಗೆ ಕಾಲಿಡಲು ವಾರಕ್ಕೊಂದು ಅವಕಾಶವಿತ್ತು. ಗುರುವಾರ ಸಂಜೆ ಆಸ್ಪತ್ರೆಯ ಬಸ್ಸು ನಮ್ಮನ್ನು ಸಾಮಾನು ಕೊಳ್ಳಲೆಂದು ಪೇಟೆಗೆ ಕರೆದೊಯ್ದು, ಎರಡು ಗಂಟೆಯ ನಂತರ ತಿರುಗಿ ಕರೆತರುತ್ತಿತ್ತು. ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ವಾರ್ಡನ್ ನಮ್ಮ ತಲೆ ಎಣಿಸುತ್ತಿದ್ದಳು. ನಮ್ಮ ಕೂಟದ ಸಮಸ್ತ ಕಾರುಬಾರು ನಡೆದದ್ದು ಈ ಎರಡು ಗಂಟೆಗಳಲ್ಲಿ.

ನಡೆದದ್ದು ಖತೀಜಮ್ಮನ ಮನೆಯಲ್ಲಿ. ಖತೀಜಮ್ಮ ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು. ಗಂಡನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ, ಅಂಗಡಿಯ ಮೇಲೆ ಮನೆ. ಪಿತ್ತಕೋಶದ ಕಲ್ಲಿನ ಆಪರೇಶನ್ನಿಗೆ ಅವರು ನಮ್ಮ ವಾರ್ಡಿನಲ್ಲಿ ಮಲಗಿದ್ದಾಗ ಪರಿಚಯವಾಯಿತು. ಊರಿನಲ್ಲಿ ಕೊಂಕಣಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆಯೇ ನನ್ನನ್ನು 'ಬಾಯಮ್ಮ' ಎಂದು ಕರೆದರು. ಅಷ್ಟಕ್ಕೇ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಹೊಲಿಗೆ ಬಿಚ್ಚುವ ದಿನ ಅವರು ತಮ್ಮ ನೋವಿನ ಸುದ್ದಿ ಬಿಟ್ಟು ಬೇರೆ ಏನೋ ಹೇಳಲು ಶುರು ಮಾಡಿದರು.

"ನಮ್ಮ ಹಿಂದಿನ ಬಿಲ್ಡಿಂಗಿನಲ್ಲಿ ನಮ್ಮ ಊರ ಕಡೆಯ ಒಬ್ಬಳು ಉಂಟು ಬಾಯಮ್ಮ. ಗಂಡ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿ ಹೋಗ್ತಾನೆ. ನಾನು ಇಲ್ಲಿಗೆ ಬರುವ ಮೊದಲಿನ ವಾರ ಅವಳ ಹೊಟ್ಟೆಯಲ್ಲಿದ್ದದ್ದು ಹೋಯ್ತು. ಗೋಡೆಯ ಆಚೆಯಿಂದ ಕೂಗ್ತಿದ್ದಳು. ನಾನು ಈಚೆಯಿಂದ ಎಂತ ಮಾಡ್ಲಿ? ನಾನೂ ಕೂಗಿದೆ, ಅಷ್ಟೇ."

ಹೀಗೆ ಕೂಟ ಹುಟ್ಟಿತು. ಹೊರದೇಶದವರು ಸಂಘ ಕಟ್ಟುವಂತಿರಲಿಲ್ಲ, ಹಾಗಾಗಿ ಅದಕ್ಕೆ ಹೆಸರಿಲ್ಲ, ಬೋರ್ಡಿಲ್ಲ. ನಾವು ಆರೇಳು ನರ್ಸ್‌ಗಳು, ಅಂಗಡಿಯವರ, ಗುಮಾಸ್ತರ ಹೆಂಡತಿಯರು ನಾಲ್ಕೈದು ಮಂದಿ. ಅಲ್ಲಿರುವ ನಮ್ಮ ಹೆಂಗಸರಿಗೆ, ಊರಿನಲ್ಲಿರುವ ಅವರ ಹೆಣ್ಣುಮಕ್ಕಳಿಗೆ ಕೈಲಾದ ಸಹಾಯ ಮಾಡುವುದು ಉದ್ದೇಶ. ವಾರ್ಡನ್ ಕೇಳಿದರೆ ಹೇಳಲು ಒಂದು ನೆಪ ಬೇಕಿತ್ತು. ಖತೀಜಮ್ಮನ ಸಣ್ಣ ಮಗಳ ಹುಟ್ಟುಹಬ್ಬ ಎಂದು ಹೇಳಿ ಹೋಗುತ್ತಿದ್ದೆವು. ಒಂದೇ ವರ್ಷದಲ್ಲಿ ಆ ಮಗುವಿಗೆ ಒಂಬತ್ತು ಸಲ ಹುಟ್ಟುಹಬ್ಬವಾಯಿತು. ಕೇಕು ಕಂಡರೆ ಅದು ಅಳುವ ಮಟ್ಟಕ್ಕೆ ಬಂದಿತ್ತು. ನನ್ನನ್ನು ಮುಂದಾಳು ಮಾಡಿದರು, ಯಾಕೆಂದರೆ ನನಗೆ ಚೆನ್ನಾಗಿ ಪತ್ರ ಬರೆಯಲು ಬರುತ್ತಿತ್ತು.

ಬೀಗ ಹಾಕಿಸಿಕೊಂಡ ಆ ಹೆಂಗಸೇ ನಮ್ಮ ಮೊದಲ ಕೆಲಸ. ಅಷ್ಟರಲ್ಲಿ ಅವಳನ್ನು ಗಂಡ ಊರ ಹೊರಗಿನ ಇನ್ನೊಂದು ಮನೆಗೆ ಸಾಗಿಸಿದ್ದ. ಅಲ್ಲಿಗೆ ಹೋಗಲು ಕಾರು ಬೇಕು, ಕಾರು ಓಡಿಸಲು ಗಂಡಸು ಬೇಕು. ಖತೀಜಮ್ಮನ ಗಂಡ ಸರಕು ತರಲು ಜಿದ್ದಾಕ್ಕೆ ಹೋಗಿದ್ದರು. ನಮಗೆ ಗೊತ್ತಿದ್ದ ಒಬ್ಬ ಒಳ್ಳೆಯ ಮನುಷ್ಯನನ್ನು ಕೇಳಿದೆವು, ಅವನು ಆಗಲಿ ಎಂದ. ಆ ಒಳ್ಳೆಯ ಮನುಷ್ಯ ಮರುದಿನ ಹೋಟೆಲಿನಲ್ಲಿ ಅವಳ ಗಂಡನನ್ನು ಕಂಡು, "ನಿನ್ನ ಹೆಂಡತಿಗೆ ಸೌಖ್ಯ ಇಲ್ಲವಂತೆ ಮಾರಾಯ, ಹೆಂಗಸರೆಲ್ಲ ನೋಡ್ಲಿಕ್ಕೆ ಬರ್ತಾರೆ, ಗುರುವಾರ ಸಂಜೆ ಮನೆಯಲ್ಲೇ ಇರು" ಎಂದು ಹೇಳಿದನಂತೆ. ನಾವು ಹೋಗುವಾಗ ಮನೆ ಖಾಲಿ. ಎಲ್ಲಿಗೆ ಹೋದರೆಂದು ಕೊನೆಗೂ ಗೊತ್ತಾಗಲಿಲ್ಲ. ಅವಳ ಹೆಸರನ್ನು ಕೂಡ ನಾವು ಯಾರೂ ಕೇಳಿಟ್ಟುಕೊಂಡಿರಲಿಲ್ಲ. ಯಾರ ಕಾರಿನಲ್ಲಿ ಹೋಗುತ್ತೇವೆ, ಅವನು ಯಾರ ಜೊತೆ ಚಹಾ ಕುಡಿಯುತ್ತಾನೆ ಎಂಬುದನ್ನು ಮೊದಲು ನೋಡಬೇಕು ಎಂಬ ಬುದ್ಧಿ ನಮಗೆ ಬಂದದ್ದು ಆಮೇಲೆ.

ಎರಡನೆಯದು ಹೊಲಿಗೆ ಮಿಷನ್ನಿನ ಕಥೆ. ಊರಿನಲ್ಲಿರುವ ಆರು ಮಂದಿ ವಿಧವೆಯರಿಗೆ ಒಂದೊಂದು ಮಿಷನ್ ಕೊಡಿಸುವುದೆಂದು ತೀರ್ಮಾನವಾಯಿತು. ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಆಗಬಾರದು, ಎಲ್ಲರಿಗೂ ಒಂದೇ ತರಹದ್ದು, ಕಾಲಿನಲ್ಲಿ ತುಳಿಯುವಂಥದ್ದು. ನಾನೇ ಪಟ್ಟುಹಿಡಿದಿದ್ದೆ. ಆರು ತಿಂಗಳ ನಂತರ ರಜೆಗೆ ಹೋಗಿ ಬಂದ ಒಬ್ಬ ನರ್ಸ್ ಸುದ್ದಿ ತಂದಳು: ಆ ಆರರಲ್ಲಿ ಒಬ್ಬಾಕೆಗೆ ಪೋಲಿಯೋ ಆಗಿ ಎರಡೂ ಕಾಲಿಗೆ ಬಲವಿಲ್ಲ. ಮಿಷನ್ನಿನ ಮೇಲೆ ಬಟ್ಟೆ ಹೊದೆಸಿ ಮೂಲೆಗೆ ಇಟ್ಟುಕೊಂಡು, ಬಂದವರಿಗೆಲ್ಲ "ಸೌದಿಯವರು ಕೊಟ್ಟದ್ದು" ಎಂದು ತೋರಿಸುತ್ತಾಳಂತೆ. ಖತೀಜಮ್ಮ ನಗಲೂ ಇಲ್ಲ, ಬೈಯಲೂ ಇಲ್ಲ. "ಅವಳಿಗೆ ಎಂತ ಬೇಕು ಅಂತ ಅವಳ ಹತ್ತಿರ ಒಂದು ಮಾತು ಕೇಳಬಹುದಿತ್ತು ಅಲ್ವಾ ಬಾಯಮ್ಮ" ಎಂದರು. ನನಗೆ ಆ ಮಾತು ತಲೆಗೆ ಹತ್ತಲಿಲ್ಲ. ನನಗೆ ನನ್ನ ನ್ಯಾಯದ ಮೇಲೆ ಬಹಳ ಅಭಿಮಾನ.

ಆ ಅಭಿಮಾನಕ್ಕೆ ಏಟು ಬಿದ್ದದ್ದು ಮುಂದಿನ ವರ್ಷ. ಕೊಂಕಣಿ ಹುಡುಗಿಯೊಬ್ಬಳ ಓದಿಗೆ ಕೂಟ ನೆರವು ಕೊಟ್ಟಾಗ, ಬ್ಯಾರಿ ಹೆಂಗಸರ ನಡುವೆ ಗುಸುಗುಸು ಶುರುವಾಯಿತು: ಬಾಯಮ್ಮ ಅವರ ಜಾತಿಯವರಿಗೇ ಕೊಡುವುದು. ಒಬ್ಬಳು ನನ್ನ ಮುಖಕ್ಕೇ ಹೇಳಿದಳು. ನಾನು ರಾತ್ರಿ ಪಾಳಿ ಮುಗಿಸಿ ಬಂದವಳು ನಿದ್ದೆ ಮಾಡದೆ ಅತ್ತೆ. ಜಿದ್ದಾದ ಒಂದು ಹಡಗು ಕಂಪೆನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಒಬ್ಬರು ನಮ್ಮ ಕೂಟಕ್ಕೆ ದೂರದಿಂದಲೇ ಹಿರಿಯರಂತಿದ್ದರು. ಅವರಿಗೆ ದೂರು ಹೋಯಿತು. ಅವರು ಆಸ್ಪತ್ರೆಗೆ ಫೋನ್ ಮಾಡಿ, "ಸಿಸ್ಟರ್, ಒಂದು ನಿಯಮ ಮಾಡಿಬಿಡಿ. ಅರ್ಜಿ ಕೊಟ್ಟವರು ಯಾರೇ ಇರಲಿ, ಊರಿನ ಜಮಾತಿನಿಂದ ಇಲ್ಲವೆ ಇಗರ್ಜಿಯಿಂದ ಪತ್ರ ತರಿಸಿ. ಆಗ ನಿಮ್ಮ ಮೇಲೆ ಯಾರೂ ಬೆರಳು ತೋರಿಸ್ಲಿಕ್ಕಿಲ್ಲ" ಎಂದರು.

ನನಗೆ ಬೇಕಾಗಿದ್ದೂ ಅದೇ. ನಾನೇ ಒಂದು ಅರ್ಜಿಯ ನಮೂನೆ ಮಾಡಿದೆ. ಹೆಸರು, ಊರು, ತಂದೆಯ ಹೆಸರು, ಇಲ್ಲಿ ಮಾಡುವ ಕೆಲಸ, ಬೇಕಾದ ಸಹಾಯ. ಒಂದು ಪ್ರತಿ ನಮ್ಮಲ್ಲಿ, ಇನ್ನೊಂದು ಊರಿನ ಮಸೀದಿಗೆ ಅಥವಾ ಇಗರ್ಜಿಗೆ: 'ಇದು ಸರಿಯೋ ನೋಡಿ ತಿಳಿಸಿ.' ಎಲ್ಲರಿಗೂ ಒಂದೇ ಕಾಗದ, ಒಂದೇ ಪ್ರಶ್ನೆ. ಒಂದು ವರ್ಷ ಯಾವ ತಕರಾರೂ ಬರಲಿಲ್ಲ. ನಾನು ತಲೆ ಎತ್ತಿ ಓಡಾಡಿದೆ.

ಆಮೇಲೆ ಲೂಸಿ ಬಂದಳು.

ಲೂಸಿ ನಮ್ಮ ವಾರ್ಡಿನಲ್ಲಿ ನೆಲ ಒರೆಸುತ್ತಿದ್ದ ಹುಡುಗಿ. ಉಡುಪಿಯ ಕಡೆಯವಳು, ನನ್ನ ಹಾಗೆ ಕೊಂಕಣಿಯವಳು. ಅವಳ ವೀಸಾ ಆಸ್ಪತ್ರೆಯದ್ದಲ್ಲ, ಸ್ವಚ್ಛತೆಯ ಕಂತ್ರಾಟು ಹಿಡಿದ ಕಂಪೆನಿಯದ್ದು. ಇಕಾಮಾ ಎಂಬ ವಾಸದ ಪರವಾನಗಿ, ಪಾಸ್‌ಪೋರ್ಟ್ ಎಲ್ಲ ಅವರ ಕೈಯಲ್ಲಿ. ನೀಲಿ ಅಂಗಿ, ತಲೆಗೆ ಬಿಗಿದ ನೀಲಿ ಬಟ್ಟೆ. ಕೆಲಸದಲ್ಲಿ ಬಹಳ ಚುರುಕು. ರೋಗಿಯ ಮುಖ ನೋಡಿಯೇ ಜ್ವರ ಏರುತ್ತಿದೆ ಎಂದು ನನಗೆ ಬಂದು ಹೇಳುತ್ತಿದ್ದಳು, ಹೇಳಿದ್ದು ಹೆಚ್ಚಾಗಿ ಸರಿಯೇ ಇರುತ್ತಿತ್ತು. ನನಗೆ ಅವಳನ್ನು ಕಂಡರೆ ತುಂಬಾ ಇಷ್ಟ.

ಒಂದು ದಿನ ವಾರ್ಡಿನ ಬಟ್ಟೆ ಕೋಣೆಗೆ ಬಂದು ಬಾಗಿಲು ಓರೆ ಮಾಡಿ ನಿಂತಳು. "ಸಿಸ್ಟರ್, ನನ್ನ ತಂಗಿ ಐರಿನ್‌ಗೆ ಮಂಗಳೂರಿನ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿದೆ. ಮೂರು ತಿಂಗಳೊಳಗೆ ಸೇರಬೇಕು. ನನ್ನ ಸಂಬಳದಲ್ಲಿ ಆಗುವುದಿಲ್ಲ. ಕೂಟದಿಂದ ಆಗ್ತದಾ?"

"ಆಗದೆ ಎಂತ? ಅರ್ಜಿ ಕೊಡು."

"ಒಂದು ವಿಷಯ ಉಂಟು ಸಿಸ್ಟರ್." ಅವಳು ಬಾಗಿಲನ್ನು ಪೂರ್ತಿ ಮುಚ್ಚಿದಳು. "ಮನೆಯಲ್ಲಿ ನಾನು ನರ್ಸ್ ಅಂತ ಹೇಳಿದ್ದೇನೆ. ಐರಿನ್‌ಗೂ ಗೊತ್ತಿಲ್ಲ. ಅವಳು ನಿಜವಾದ ನರ್ಸ್ ಆದರೆ ಸಾಕು. ಆಮೇಲೆ ನನ್ನ ಸುಳ್ಳು ಯಾರಿಗೆ ಬೇಕು?"

ಆ ಸುಳ್ಳು ನನಗೆ ಹೊಸದಲ್ಲ. ಹಿಂದಿನ ವರ್ಷ ಕ್ರಿಸ್ಮಸ್ಸಿನ ಹೊತ್ತಿಗೆ ನನ್ನ ಬಿಳಿ ಯೂನಿಫಾರ್ಮನ್ನೂ ಕ್ಯಾಪನ್ನೂ ಕೇಳಿ ಹಾಕಿಕೊಂಡು, ನನ್ನ ಕೋಣೆಯ ಗೋಡೆಗೆ ಒರಗಿ ನಿಂತು ಫೋಟೋ ತೆಗೆಸಿಕೊಂಡಿದ್ದಳು. ಕ್ಯಾಪಿಗೆ ಪಿನ್ ಚುಚ್ಚಿಕೊಟ್ಟದ್ದು ನಾನೇ. ಆ ಫೋಟೋ ಅವರ ಮನೆಯಲ್ಲಿ ಯೇಸುವಿನ ಪಟದ ಕೆಳಗೆ ತೂಗುತ್ತಿದೆ ಎಂದು ಅವಳೇ ಹೇಳಿದ್ದಳು. ತಂದೆ ಪಾಸ್ಕಲ್ ಪೊರ್ಬು ಅಲ್ಲಿ ಗುರ್ಕಾರ, ಅಂದರೆ ಇಗರ್ಜಿಯ ಪರವಾಗಿ ಆ ಓಣಿಯ ಮನೆಗಳನ್ನು ನೋಡಿಕೊಳ್ಳುವ ಹಿರಿಯ. ಗಲ್ಫಿನಲ್ಲಿ ನರ್ಸ್ ಆಗಿರುವ ಮಗಳಿಂದಾಗಿ ಅವರ ಮಾತಿಗೆ ಒಂದು ತೂಕ ಬಂದಿತ್ತು.

ಗುರುವಾರ ಖತೀಜಮ್ಮನ ಮನೆಯಲ್ಲಿ ಲೂಸಿಯ ಅರ್ಜಿ ತುಂಬಿಸಲು ನಾವಿಬ್ಬರೇ ಕುಳಿತೆವು. 'ಇಲ್ಲಿ ಮಾಡುವ ಕೆಲಸ' ಎಂಬಲ್ಲಿಗೆ ಬಂದಾಗ ಖತೀಜಮ್ಮ ನನ್ನ ಕೈ ಹಿಡಿದರು.

"ಆಸ್ಪತ್ರೆಯಲ್ಲಿ ಕೆಲಸ ಅಂತ ಬರೀರಿ ಬಾಯಮ್ಮ. ಅದು ಸುಳ್ಳಲ್ವಲ್ಲ."

"ಹಾಗೆ ಆಗ್ಲಿಕ್ಕಿಲ್ಲ ಖತೀಜಮ್ಮ. ಬೇರೆಯವರದ್ದೆಲ್ಲ ಪೂರ್ತಿ ಬರೆದಿದ್ದೇವೆ. ನಿಮ್ಮ ಕಡೆಯ ಆ ಹುಡುಗಿಯ ಅಪ್ಪ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವ ಅಂತ ಬರೆಯಲಿಲ್ವಾ? ನನ್ನ ಜಾತಿಯವಳಿಗೆ ಮಾತ್ರ ಬೇರೆ ಮಾಡಿದರೆ ನಾಳೆ ಎಂತ ಹೇಳ್ತಾರೆ?"

"ಹೇಳ್ಲಿ. ಅವ ಊರಿನಲ್ಲಿಯೂ ಪಾತ್ರೆ ತೊಳೀತೇನೆ ಅಂತಲೇ ಹೇಳಿದವ. ಇವಳು ಬೇರೆ ಹೇಳಿದ್ದಾಳೆ. ಎರಡೂ ಒಂದೇ ಅಲ್ಲ ಮಾರಾಯ್ರೆ. ಅವಳಿಗೆ ಎಂತ ಆಗ್ತದೆ ಗೊತ್ತುಂಟಾ?"

"ಪತ್ರ ಹೋಗುವುದು ಫಾದರ್‌ಗೆ ಮಾತ್ರ. ಪಾಪನಿವೇದನೆ ಕೇಳುವವರು ಅವರು. ಒಂದು ಮಾತು ಹೊರಗೆ ಬರ್ಲಿಕ್ಕಿಲ್ಲ."

ಇದನ್ನು ನಾನು ಪೂರ್ತಿ ನಂಬಿದ್ದೆ. ಚಿಕ್ಕಂದಿನಿಂದ ಇಗರ್ಜಿಯಲ್ಲಿ ಮರದ ಜಾಲರಿಯ ಆಚೆ ಕೂತ ಫಾದರ್‌ಗೆ ಎಲ್ಲ ಹೇಳಿ ಬೆಳೆದವರು ನಾವು. ಹೇಳಿದ್ದು ಅಲ್ಲೇ ಉಳಿಯುತ್ತದೆ. ಆದರೆ ಅಂಚೆಯಲ್ಲಿ ಬರುವ ಪತ್ರ ಪಾಪನಿವೇದನೆಯಲ್ಲ. 'ಇದು ಗುಟ್ಟಾಗಿರಲಿ' ಎಂಬ ಒಂದು ಸಾಲನ್ನು ನಾನು ಅದರಲ್ಲಿ ಬರೆಯಲೂ ಇಲ್ಲ. ಫಾದರ್‌ಗೆ ಹಾಗೆ ಬರೆಯುವುದು ಅವಮಾನ ಎಂದುಕೊಂಡೆ. 'ಆಸ್ಪತ್ರೆಯಲ್ಲಿ ಸ್ವಚ್ಛತೆಯ ಕೆಲಸ' ಎಂದು ನನ್ನ ಚೆಂದದ ಅಕ್ಷರದಲ್ಲಿ ತುಂಬಿಸಿ, ಲಕೋಟೆ ಅಂಟಿಸಿದೆ. ಲೂಸಿಗೆ ಪತ್ರದ ವಿಷಯ ಹೇಳಲೇ ಇಲ್ಲ. ಕೇಳಿದರೆ ಬೇಡ ಅನ್ನುತ್ತಾಳೆ ಎಂದು ಒಳಗೊಳಗೆ ಗೊತ್ತಿತ್ತು. ಅವಳ ಒಳ್ಳೆಯದಕ್ಕೆ ಅಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆರು ವಾರದ ನಂತರ ಫಾದರ್ ಅವರ ಉತ್ತರ ಬಂತು. ಬಹಳ ಒಳ್ಳೆಯ ಕುಟುಂಬ, ಖಂಡಿತ ಸಹಾಯ ಮಾಡಿ ಎಂದಿತ್ತು. ನಾನು ಖುಷಿಯಿಂದ ಕುಣಿಯುವುದೊಂದು ಬಾಕಿ. ಕೂಟ ಅರ್ಜಿಯನ್ನು ಒಪ್ಪಿತು. ಲೂಸಿಗೆ ಹೇಳಲು ವಾರ್ಡಿಗೆ ಹೋದೆ. ಅವಳು ಆ ದಿನ ರಜೆ ಹಾಕಿದ್ದಳು, ಮರುದಿನವೂ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳೇ ಬಂದು, ಬಟ್ಟೆ ಕೋಣೆಗೆ ಕರೆದು, ಒಂದು ಸಣ್ಣ ಟೇಪ್ ರೆಕಾರ್ಡರನ್ನು ಮಡಚಿಟ್ಟ ಬೆಡ್‌ಶೀಟುಗಳ ಮೇಲೆ ಇಟ್ಟಳು. ಆಗೆಲ್ಲ ಗಲ್ಫಿನವರಿಗೆ ಮನೆಯಿಂದ ಪತ್ರದ ಬದಲು ಮಾತು ತುಂಬಿದ ಕ್ಯಾಸೆಟ್ಟು ಬರುತ್ತಿತ್ತು; ರಜೆ ಮುಗಿಸಿ ಮರಳುವವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಅದರಲ್ಲಿ ಇದ್ದದ್ದು ಐರಿನಳ ದನಿ. ಕೊಂಕಣಿಯಲ್ಲಿ ಕೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಶಬ್ದವೂ ಮರೆತಿಲ್ಲ.

"ಅಕ್ಕಾ, ಹೋದ ಆದಿತ್ಯವಾರ ಪೂಜೆಯಲ್ಲಿ ಫಾದರ್ ನಿನ್ನ ಹೆಸರು ಹೇಳಿದರು. ಮೊದಲು ನನಗೆ ಖುಷಿಯೇ ಆಯ್ತು. ಆಮೇಲೆ ಅವರು ಹೇಳಿದರು, ನಮ್ಮ ಲೂಸಿ ಪರದೇಶದಲ್ಲಿ ಆಸ್ಪತ್ರೆಯ ನೆಲ ಒರೆಸಿ ತಂಗಿಯನ್ನು ಓದಿಸ್ತಾಳೆ, ಯಾವ ಕೆಲಸವೂ ಕೀಳಲ್ಲ, ಅವಳನ್ನು ನೋಡಿ ಕಲಿಯಿರಿ ಅಂತ. ಎಲ್ಲರೂ ತಿರುಗಿ ನಮ್ಮನ್ನು ನೋಡಿದರು. ಹಿಂದಿನ ಬೆಂಚಿನಲ್ಲಿ ಯಾರೋ ನಗಾಡಿದರು. ಪ್ರವಚನ ಮುಗಿದು ಎಲ್ಲರೂ ಎದ್ದು ನಿಂತಾಗ ಅಪ್ಪ ಹೊರಗೆ ಹೋದರು. ಗುರ್ಕಾರ ಕೆಲಸ ಬೇಡ ಅಂತ ಮರುದಿನವೇ ಬರೆದುಕೊಟ್ಟರು. ನಿನ್ನ ಫೋಟೋ ತೆಗೆದು ಪೆಟ್ಟಿಗೆಗೆ ಹಾಕಿದರು. ನನ್ನ ನರ್ಸಿಂಗ್ ಶಾಲೆಯ ಕಾಗದ ಒಲೆಗೆ ಹಾಕಿದರು ಅಕ್ಕಾ. ಒಬ್ಬಳು ನರ್ಸ್ ಆದದ್ದು ಸಾಕು ಹೇಳಿದರು. ಸೋಮವಾರದಿಂದ ನಾನು ಗೇರುಬೀಜದ ಫ್ಯಾಕ್ಟರಿಗೆ ಹೋಗ್ತೇನೆ. ಅಮ್ಮ ಈ ಕ್ಯಾಸೆಟ್ಟಿನಲ್ಲಿ ಮಾತಾಡುವುದಿಲ್ಲವಂತೆ. ಅಕ್ಕಾ, ನೀನು ನೆಲ ಒರೆಸುವುದು ನಿಜವಾ?"

ಲೂಸಿ ಟೇಪ್ ನಿಲ್ಲಿಸಿದಳು. ಅತ್ತು ಅತ್ತು ಅವಳ ಮುಖ ಬಾತುಕೊಂಡಿತ್ತು. "ಫಾದರ್‌ಗೆ ಹೇಗೆ ಗೊತ್ತಾಯ್ತು ಸಿಸ್ಟರ್?" ಎಂದು ಕೇಳಿದಳು. ನನ್ನ ಮೇಲೆ ಅವಳಿಗೆ ಅನುಮಾನವೇ ಇರಲಿಲ್ಲ. ಸಹಾಯ ಮಾಡಿ ಎಂದು ನನ್ನ ಹತ್ತಿರ ಬಂದಿದ್ದಳು, ಪಾಪದ ಹುಡುಗಿ.

"ನಾನು ಬರೆದದ್ದು" ಎಂದೆ.

"ನೀವಾ?"

"ಕೂಟದ ನಿಯಮ ಲೂಸಿ. ಎಲ್ಲರಿಗೂ ಬರೀತೇವೆ."

"ಆ ಫೋಟೋದಲ್ಲಿ ಇದ್ದದ್ದು ನಿಮ್ಮದೇ ಬಟ್ಟೆ ಅಲ್ವಾ ಸಿಸ್ಟರ್" ಎಂದು ಮೆಲ್ಲಗೆ ಹೇಳಿ, ಟೇಪ್ ಎತ್ತಿಕೊಂಡು ಹೋದಳು. ಸ್ವಲ್ಪ ಹೊತ್ತಿನ ನಂತರ ಹೊರಗೆ ಬಂದು ನೋಡಿದರೆ, ವಾರ್ಡಿನ ಉದ್ದಕ್ಕೂ ನೆಲ ಒರೆಸುತ್ತಿದ್ದಳು. ನನಗೆ ಆ ಒದ್ದೆ ನೆಲದ ಮೇಲೆ ಕಾಲಿಡಲು ಆಗಲಿಲ್ಲ.

ನಾನು ಸುಮ್ಮನೆ ಕೂರಲಿಲ್ಲ ಎಂದು ಹೇಳಿಕೊಂಡರೆ ಏನು ಪ್ರಯೋಜನ? ಫಾದರ್‌ಗೆ ಬರೆದೆ. ಅವರು ಹೊಸಬರು, ವಯಸ್ಸು ಚಿಕ್ಕದು, ಒಳ್ಳೆಯ ಮನಸ್ಸು. ಲೂಸಿಯನ್ನು ಹೊಗಳಿದ್ದೇ ತಪ್ಪಾಯಿತೇ, ದುಡಿಮೆಯ ಬಗ್ಗೆ ನಾಚಿಕೆ ಯಾಕೆ ಎಂದು ನಿಜವಾಗಿಯೂ ಅರ್ಥವಾಗದೆ ಕೇಳಿ ಬರೆದಿದ್ದರು. ಅವರಿಗೆ ನಾನು ಏನೆಂದು ಉತ್ತರ ಕೊಡಲಿ? ನನಗೂ ಆರು ವಾರದ ಹಿಂದೆ ಅರ್ಥವಾಗಿರಲಿಲ್ಲ. ಪಾಸ್ಕಲ್ ಪೊರ್ಬುಗೆ ಎರಡು ಪತ್ರ ಹಾಕಿದೆ, ಉತ್ತರ ಇಲ್ಲ. ಅಷ್ಟರಲ್ಲಿ ಶಾಲೆಗೆ ಸೇರುವ ದಿನ ಮುಗಿಯಿತು, ಐರಿನಳ ಸೀಟು ಬೇರೆಯವರಿಗೆ ಹೋಯಿತು. ಜಿದ್ದಾದ ಹಿರಿಯರು ಫೋನಿನಲ್ಲಿ, "ನೀವು ನಿಯಮದ ಪ್ರಕಾರ ಮಾಡಿದ್ದೀರಿ ಸಿಸ್ಟರ್, ನಿಮ್ಮ ತಪ್ಪು ಎಂತ ಇಲ್ಲ" ಎಂದರು. ನಾನು ಫೋನ್ ಇಟ್ಟುಬಿಟ್ಟೆ.

ಖತೀಜಮ್ಮ ಮಾತ್ರ 'ನಾನು ಹೇಳಿದ್ದೆ' ಎಂದು ಒಮ್ಮೆಯೂ ಹೇಳಲಿಲ್ಲ. ಮುಂದಿನ ಗುರುವಾರ ಆ ನಮೂನೆಗಳ ಕಟ್ಟನ್ನು ಅಡುಗೆಮನೆಗೆ ಒಯ್ದು ರದ್ದಿ ಕಾಗದದ ಜೊತೆ ಇಟ್ಟುಬಿಟ್ಟರು. ಆಮೇಲೆ ನಾವು ಊರಿಗೆ ಬರೆಯುವುದನ್ನು ಬಿಟ್ಟೆವು. ಬಂದ ಹೆಂಗಸನ್ನು ಕೂರಿಸಿ ಮೂರು ಮಾತು ಕೇಳುತ್ತಿದ್ದೆವು: ನಿನಗೆ ಎಂತ ಬೇಕು, ಯಾರಿಗೆ ಗೊತ್ತುಂಟು, ಯಾರಿಗೆ ಗೊತ್ತಾಗಬಾರದು. ಒಬ್ಬೊಬ್ಬಳ ಉತ್ತರ ಒಂದೊಂದು, ಅದಕ್ಕೆ ತಕ್ಕ ಹಾಗೆ ನಡೆಯುತ್ತಿದ್ದೆವು. ಪಕ್ಷಪಾತದ ಮಾತು ಮತ್ತೆ ಬಂತು, ಬರಲಿ ಎಂದು ಬಿಟ್ಟೆವು. ಈ ಕೆಲಸ ಕಲಿಯಲು ಬಂದ ಹುಡುಗಿಯರಿಗೆ ನನ್ನಿಂದ ಏನಾದರೂ ಬೇಕಿದ್ದರೆ ಈ ಮೂರು ಪ್ರಶ್ನೆಗಳನ್ನು ತೆಗೆದುಕೊಳ್ಳಲಿ. ಆದರೆ ಅವು ಐರಿನಳ ಕೆಲಸಕ್ಕೆ ಬರಲಿಲ್ಲ.

ಮರುವರ್ಷ ರಜೆಗೆ ಬಂದಾಗ ಅವರ ಮನೆಗೆ ಹೋದೆ. ಹೋಗುವ ಮೊದಲು ಒಂದು ಕೆಲಸ ಮಾಡಿದ್ದೆ. ನಾನು ಕಲಿತ ನರ್ಸಿಂಗ್ ಶಾಲೆಗೆ ಹೋಗಿ, ನನ್ನ ಹಳೆಯ ಮೇಡಂ ಅವರ ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲ ಮಾಡಿ, ಐರಿನಳಿಗೆ ಇನ್ನೊಂದು ಸೀಟು ಇಡಿಸಿದ್ದೆ. ಪ್ರವೇಶದ ಕಾಗದ ನನ್ನ ಚೀಲದಲ್ಲೇ ಇತ್ತು. ಅವಳ ಅಪ್ಪನನ್ನು ಒಪ್ಪಿಸಿದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ಬಸ್ಸಿನ ಉದ್ದಕ್ಕೂ ಜಪಮಾಲೆ ಹಿಡಿದು ಪ್ರಾರ್ಥಿಸಿದ್ದೆ.

ಪಾಸ್ಕಲ್ ಪೊರ್ಬು ಅಂಗಳದಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದರು. ಸಣಕಲು ಮನುಷ್ಯ. ನನ್ನ ಹೆಸರು ಹೇಳಿದ ಕೂಡಲೆ ಎದ್ದು ಒಳಗಿನಿಂದ ಕುರ್ಚಿ ತಂದು ಹಾಕಿದರು. "ಕೂತುಕೊಳ್ಳಿ ಸಿಸ್ಟರ್. ನೀವು ನಿಜವಾದ ನರ್ಸ್ ಅಲ್ವಾ?" ಎಂದರು. ಕುಹಕ ಇರಲಿಲ್ಲ ಅದರಲ್ಲಿ. ಖಚಿತ ಮಾಡಿಕೊಳ್ಳಲೆಂದೇ ಕೇಳಿದ ಹಾಗಿತ್ತು. ನಾನು ಹೌದು ಎಂದೆ. ಬೆಲ್ಲ ನೀರು ತರಿಸಿಕೊಟ್ಟರು. ನಾನು ಮಾಡಿದ್ದಕ್ಕೆ ಕ್ಷಮೆ ಕೇಳಿದೆ, ಪ್ರವೇಶದ ಕಾಗದ ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ. "ನಾನು ಈಗ ಯಾವುದಕ್ಕೂ ಬೇಡ ಹೇಳುವುದಿಲ್ಲ ಸಿಸ್ಟರ್. ಹೇಳುವ ಬಾಯಿ ಇಲ್ಲ ನನಗೆ. ಅವಳನ್ನೇ ಕೇಳಿ" ಎಂದು ಹಗ್ಗದ ಕಡೆಗೆ ತಿರುಗಿಕೊಂಡರು. ನನ್ನ ಎದೆ ಹಗುರವಾಯಿತು. ಅಪ್ಪ ಒಪ್ಪಿದರು, ಇನ್ನೇನು ಎಂದುಕೊಂಡೆ.

ಸಂಜೆ ಐರಿನ್ ಬಂದಳು. ಹತ್ತೊಂಬತ್ತು ವರ್ಷ. ಲೂಸಿಯದ್ದೇ ಕಣ್ಣು. ಬಂದವಳು ನಮಸ್ಕಾರ ಮಾಡಲು ಕೈ ಎತ್ತಿ ಹಾಗೆಯೇ ಸೆರಗಿನೊಳಗೆ ಇಟ್ಟುಕೊಂಡಳು. ನಾನು ಹಿಡಿದು ಬಿಡಿಸಿ ನೋಡಿದೆ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಬೆರಳುಗಳು ಕಪ್ಪಗೆ ಸುಟ್ಟು, ಚರ್ಮ ಸುಲಿದು, ಉಗುರಿನ ಸುತ್ತ ಹುಣ್ಣಾಗಿತ್ತು. ಇಪ್ಪತ್ತು ವರ್ಷ ಗಾಯ ತೊಳೆದವಳು ನಾನು, ಆ ಕೈಗಳನ್ನು ನೋಡಲಾಗಲಿಲ್ಲ. ಕಾಗದ ಓದಿ ಹೇಳಿದೆ. ಹಾಸ್ಟೆಲು, ಪುಸ್ತಕ, ಬಟ್ಟೆ, ಯಾವುದಕ್ಕೂ ನೀನು ಯೋಚಿಸಬೇಡ, ನಾನಿದ್ದೇನೆ ಎಂದೆ.

ಅವಳು ಎಲ್ಲ ಕೇಳಿಸಿಕೊಂಡಳು. "ಇದಕ್ಕೆ ಮೂರು ವರ್ಷ ಅಲ್ವಾ ಸಿಸ್ಟರ್?"

"ಮೂರು ವರ್ಷ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹೋಗ್ತದೆ ಮಗಾ."

"ಅಲ್ಲಿಯವರೆಗೆ ಮನೆಗೆ? ಅಪ್ಪ ಈಗ ಕೂಲಿಗೆ ಹೋಗುವುದಿಲ್ಲ. ಅಕ್ಕ ಕಳಿಸಿದ್ದನ್ನು ಮುಟ್ಟುವುದಿಲ್ಲ." ಕಾಗದವನ್ನು ನೀಟಾಗಿ ಮಡಚಿ ನನ್ನ ಕೈಗೆ ಕೊಟ್ಟಳು. ಆಮೇಲೆ ಅಪ್ಪನಿಗೆ ಕೇಳಿಸದ ಹಾಗೆ ಹತ್ತಿರ ಬಂದಳು. "ಸಿಸ್ಟರ್, ಅಕ್ಕ ಮಾಡುವಂಥ ಕೆಲಸ ಅಲ್ಲಿ ಇನ್ನೊಂದು ಉಂಟಾ? ಫ್ಯಾಕ್ಟರಿಗಿಂತ ಕೈಗಾದರೂ ಒಳ್ಳೆಯದಲ್ವಾ. ನಾನು ಹೋದರೆ ಸುಳ್ಳು ಹೇಳ್ಲಿಕ್ಕೂ ಇಲ್ಲ. ಊರಿಗೆಲ್ಲ ಗೊತ್ತೇ ಉಂಟಲ್ಲ."

ಬೇಡ ಎಂದೆ. ಬೈದೆ, ಬೇಡಿಕೊಂಡೆ. ಅವಳು ಆ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತೇ ಇದ್ದಳು. 'ನಿನಗೆ ಎಂತ ಬೇಕು ಎಂದು ಹೆಂಗಸನ್ನೇ ಕೇಳಬೇಕು' ಎಂದು ಅಷ್ಟರಲ್ಲಿ ಕಲಿತುಕೊಂಡಿದ್ದವಳು ನಾನು. ಕೇಳಿದ್ದೆ, ಹೇಳಿದ್ದಳು. ನರ್ಸ್ ಆಗಬೇಕೆಂದಿದ್ದ ಹುಡುಗಿ ಆ ಒಂದು ವರ್ಷದಲ್ಲಿ ಎಲ್ಲಿ ಹೋದಳೋ ನನಗೆ ಗೊತ್ತಿಲ್ಲ. ಅವಳನ್ನು ಕಳೆದದ್ದು ನಾನು ಎಂಬುದಷ್ಟೇ ಗೊತ್ತು.

ಖಮೀಸಿಗೆ ಮರಳಿ, ಕಂತ್ರಾಟು ಕಂಪೆನಿಯ ಮೇಸ್ತ್ರಿಗೆ ಹೇಳಿದೆ. ಕೆಲಸಕ್ಕೆ ಹೆಂಗಸರು ಬೇಕಾಗಿಯೇ ಇದ್ದರು. ಕಾಗದಪತ್ರಗಳೆಲ್ಲ ಆಗಲು ಇನ್ನೂ ಒಂದು ವರ್ಷ ಹಿಡಿಯಿತು. ಲೂಸಿಗೆ ನಾನು ಹೇಳಿರಲಿಲ್ಲ. ಐರಿನ್ ತಾನೇ ಬರೆಯುತ್ತೇನೆ ಎಂದಿದ್ದಳು, ಅವಳೂ ಬರೆದಿರಲಿಲ್ಲ. ಒಂದು ಬೆಳಗ್ಗೆ ಹೊಸ ಕೆಲಸದವರ ಸಾಲಿನಲ್ಲಿ ನೀಲಿ ಅಂಗಿ ಹಾಕಿಕೊಂಡು ತಂಗಿ ನಿಂತಿದ್ದಳು. ಲೂಸಿ ಕೈಯಲ್ಲಿದ್ದ ಬಕೆಟ್ಟನ್ನು ಕೆಳಗಿಟ್ಟಳು. ಅವರಿಬ್ಬರೂ ತಬ್ಬಿಕೊಳ್ಳುತ್ತಾರೆ ಎಂದು ನಾನು ಕಾದೆ. ಲೂಸಿ ನೇರವಾಗಿ ನನ್ನ ಹತ್ತಿರ ಬಂದಳು. ಪತ್ರದ ವಿಷಯಕ್ಕೆ ನನ್ನ ಮೇಲೆ ಕೂಗಾಡದವಳು ಅಂದೂ ಕೂಗಾಡಲಿಲ್ಲ.

"ಅವಳು ಇಲ್ಲಿಗೆ ಬಾರದ ಹಾಗೆ ಆಗ್ಲಿ ಅಂತ ಅಲ್ವಾ ಸಿಸ್ಟರ್ ನಾನು ಬಂದದ್ದು" ಎಂದಳು.

ಅಷ್ಟೇ ಅವಳು ನನ್ನೊಡನೆ ಆಡಿದ ಕೊನೆಯ ಮಾತು. ಇನ್ನೂ ಮೂರು ವರ್ಷ ಒಂದೇ ವಾರ್ಡಿನಲ್ಲಿ ಕೆಲಸ ಮಾಡಿದೆವು. ರೋಗಿಗೆ ಜ್ವರ ಏರಿದರೆ ಬೇರೆ ನರ್ಸನ್ನು ಹುಡುಕಿಕೊಂಡು ಹೋಗಿ ಹೇಳುತ್ತಿದ್ದಳು. ತಂಗಿಗೆ ಬಟ್ಟೆ ಹಿಂಡುವುದನ್ನು, ಮೂಲೆಯಿಂದ ಬಾಗಿಲ ಕಡೆಗೆ ಒರೆಸುತ್ತಾ ಬರುವುದನ್ನು ಕಲಿಸಿದವಳು ಅವಳೇ.

ಐರಿನ್ ಬಂದ ವರ್ಷದ ಕೊನೆಗೆ ಜಿದ್ದಾದ ಹಿರಿಯರಿಗೆ ಕಳಿಸಬೇಕಾದ ಕೂಟದ ವರದಿಯನ್ನು ಎಂದಿನಂತೆ ನಾನೇ ಬರೆದೆ. ಖತೀಜಮ್ಮನ ಮನೆಯಲ್ಲಿ ಎಲ್ಲರ ಮುಂದೆ ಓದಿದೆ. 'ಬಡ ಕುಟುಂಬದ ಒಬ್ಬ ಯುವತಿಗೆ ವಿದೇಶದಲ್ಲಿ ಉದ್ಯೋಗ ದೊರಕಿಸಿಕೊಡಲಾಯಿತು' ಎಂಬಲ್ಲಿಗೆ ಬಂದಾಗ ಕೆಲವರು ಚಪ್ಪಾಳೆ ತಟ್ಟಿದರು. ಎಲ್ಲರೂ ಬಸ್ಸಿಗೆ ಹೊರಟಾಗ ಖತೀಜಮ್ಮ ನನ್ನನ್ನು ಮೆಟ್ಟಿಲಲ್ಲಿ ನಿಲ್ಲಿಸಿದರು.

"ಆ ಸಾಲು ತೆಗೀರಿ ಬಾಯಮ್ಮ."

ತೆಗೆಯಬೇಕೆಂದೇ ಹಾಸ್ಟೆಲಿನಲ್ಲಿ ಕಾಗದ ಬಿಡಿಸಿದೆ. ಮೇಲಿನಿಂದ ಕೆಳಗಿನವರೆಗೆ ಓದಿದೆ. ಆ ವರ್ಷ ನಾವು ಮಾಡಿದ್ದು ಎಂದು ಹೇಳಲು ಅದೊಂದನ್ನು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಹಾಗೆಯೇ ಕಳಿಸಿದೆ.